ಮೀನನ್ನು ಎಣಿಸಿದೆವು, ಮನೆ ಎಣಿಸಲು ತಡಮಾಡಿದೆವು

ಕರಾವಳಿಯ ಹಿರಿಯರು ರಂಪಣಿಯ ಮಾತೆತ್ತಿದರೆ ಬಲೆಗಿಂತ ಮೊದಲು ಅದನ್ನು ಎಳೆದವರನ್ನು ನೆನೆಯುತ್ತಾರೆ. ದೋಣಿಯಲ್ಲಿ ಬಲೆ ಒಯ್ದು ಬಂಗುಡೆ, ಬೂತಾಯಿಯ ಹಿಂಡನ್ನು ಸುತ್ತುವರಿದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಹತ್ತಾರು ಮಂದಿ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಸೇರುವ ಮೊದಲೇ ಅದನ್ನು ಸುತ್ತಿ, ಅಡಿಯ ಹಗ್ಗ ಬಿಗಿದು ಎತ್ತುವ ಬಲೆ ಅದು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ರಂಪಣಿಯ ಒಡೆಯರಲ್ಲಿ ಹಲವರು ಸೇರಿ ಬೋಟು ಕೊಂಡರು. ಹಗ್ಗ ಎಳೆಯುತ್ತಿದ್ದವರ ಗತಿಯೇನು? ಬೋಟಿಗೆ ಸಾಲ ಹೊಂದಿಸಿದಷ್ಟು ಮುತುವರ್ಜಿಯಿಂದ ಈ ಪ್ರಶ್ನೆಗೆ ಹಣ ಎತ್ತಿಟ್ಟಿರಲಿಲ್ಲ.

ಇದಕ್ಕೆ ಹಳೆಯ ಬೇರಿದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1947ರಲ್ಲಿ. ಮೀನಿನ ಜೀವನಕ್ರಮ, ದಡಕ್ಕೆ ಬಂದ ಮೀನಿನ ತೂಕ, ಆರಂಭದಲ್ಲಿ ಅದರ ಗಮನವೆಲ್ಲ ಮುಖ್ಯವಾಗಿ ಇವುಗಳ ಮೇಲಿತ್ತು. 1952ರಲ್ಲಿ ನಾರ್ವೆಯ ನೆರವಿನ ಒಪ್ಪಂದವಾಯಿತು. ಕೇರಳದ ನೀಂಡಕರದಲ್ಲಿ ಯಾಂತ್ರಿಕ ದೋಣಿಗಳು ಬಂದವು, ಮುಂದೆ ಯೋಜನೆ ನಮ್ಮ ಕಾರವಾರಕ್ಕೂ ಹಬ್ಬಿತು. ಆ ಹಣ ಹಳ್ಳಿಯ ಬದುಕನ್ನು ಹೇಗೆ ತಿರುಗಿಸಿತೆಂದು ನಾರ್ವೆಯದೇ ಮಾನವಶಾಸ್ತ್ರಜ್ಞ ಆರ್ನೆ ಮಾರ್ಟಿನ್ ಕ್ಲೌಸೆನ್ ಬರೆದ ಪುಸ್ತಕ ಹೊರಬಂದದ್ದು 1968ರಲ್ಲಿ. ಅಷ್ಟರಲ್ಲಿ ದೋಣಿಗಳು ಕಡಲಿಗಿಳಿದು ಒಂದೂವರೆ ದಶಕವೇ ಆಗುತ್ತ ಬಂದಿತ್ತು.

ದೇಶದ ಕರಾವಳಿಯ ಮೀನುಗಾರ ಕುಟುಂಬಗಳ ಗಣತಿಯನ್ನು ಈ ಸಂಸ್ಥೆ 1980ರಲ್ಲಿ ನಡೆಸಿತು. ಮುಂದಿನ ಗಣತಿಗೆ 2005ರವರೆಗೆ ಕಾಯಬೇಕಾಯಿತು. ಇಪ್ಪತ್ತೈದು ವರ್ಷ! ರಂಪಣಿ ಎಳೆದವನ ಮಗ ಬೋಟಿನ ಕೂಲಿಯಾಗಿ, ಮೊಮ್ಮಗ ಮುಂಬೈ ಬಸ್ಸು ಹತ್ತುವಷ್ಟು ಕಾಲ. ಕೇಂದ್ರ ಸರ್ಕಾರ ಹಣ ಕೊಟ್ಟ ಮೇಲೆ 2005ರಲ್ಲೂ 2010ರಲ್ಲೂ ಎಣಿಕೆ ನಡೆಯಿತು. 2010ರ ಲೆಕ್ಕದಲ್ಲಿ ಕರ್ನಾಟಕದ 144 ಮೀನುಗಾರ ಹಳ್ಳಿಗಳಲ್ಲಿ 30 ಸಾವಿರಕ್ಕೂ ಹೆಚ್ಚು ಕುಟುಂಬಗಳಿದ್ದವು. ದೇಶದಲ್ಲಿ ಇಂಥ ಕುಟುಂಬಗಳು 8.64 ಲಕ್ಷ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಡತನದ ರೇಖೆಯ ಕೆಳಗೆ.

ಈ ಲೆಕ್ಕ ಬೇಕಾಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಬೋಟುಗಳು ಕಡಲಿಗಿಳಿಯುವುದಿಲ್ಲ. ಮೀನಿನ ಸಂತಾನ ಉಳಿಯಲು ಈ ನಿಷೇಧ ಬೇಕೇ ಬೇಕು. ಆದರೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು, ಮಂಜುಗಡ್ಡೆ ಒಡೆಯುವವನು, ಬಲೆ ನೇಯುವವನು ಆ ಎರಡು ತಿಂಗಳು ಏನುಣ್ಣುತ್ತಾರೆಂದು ಮನೆಮನೆಗೆ ಹೋಗಿ ಕೇಳದೆ ತಿಳಿಯುವುದಿಲ್ಲ. ಕೇಳಲು ಜನ ಬೇಕು, ಜನಕ್ಕೆ ಸಂಬಳ ಬೇಕು. ಬಂದರಿಗೂ ಬೋಟಿಗೂ ಬಜೆಟ್ಟಿನಲ್ಲಿ ಪ್ರತಿವರ್ಷ ಹಣ ಇಡುವ ಸರ್ಕಾರ ಈ ವಿಚಾರಣೆಗೂ ಪ್ರತಿವರ್ಷ ಇಡಲಿ.