ಮರೆವಿನ ರೋಗವೂ ವಸ್ತುಸಂಗ್ರಹಾಲಯವೂ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾದೆ ಹಳೆಯದು, ಆದರೆ ನಿಜವಲ್ಲ. ಡಿಮೆನ್ಶಿಯವು ಮುಪ್ಪಿನ ಸಹಜ ಧರ್ಮವಲ್ಲ, ಮಿದುಳಿನ ಜೀವಕೋಶಗಳನ್ನು ಕೆಡಿಸುವ ರೋಗಗಳ ಫಲ. ಅವುಗಳಲ್ಲಿ ಮುಖ್ಯವಾದುದನ್ನು ಜರ್ಮನಿಯ ವೈದ್ಯ ಆಲ್ಜೈಮರ್ 1906ರಲ್ಲಿ ವರ್ಣಿಸಿದನು. ಭಾರತದಲ್ಲಿ ಅರವತ್ತು ದಾಟಿದ ನೂರು ಮಂದಿಯಲ್ಲಿ ಸುಮಾರು ಏಳು ಮಂದಿಗೆ ಡಿಮೆನ್ಶಿಯ ಇರುವುದೆಂದು 2023ರಲ್ಲಿ ಪ್ರಕಟವಾದ ಅಂದಾಜು.

ಈ ರೋಗವು ನೆನಪುಗಳನ್ನೆಲ್ಲ ಒಂದೇ ಸಮನೆ ಅಳಿಸುವುದಿಲ್ಲ. ಹೊಸ ಅನುಭವಗಳನ್ನು ನೆನಪಿನಲ್ಲಿ ನೆಲೆಗೊಳಿಸುವ ಹಿಪೊಕ್ಯಾಂಪಸ್ ಎಂಬ ಭಾಗವು ಆಲ್ಜೈಮರ್ ರೋಗದಲ್ಲಿ ಮೊದಮೊದಲೇ ಕೆಡುವುದು. ಆದುದರಿಂದ ಬೆಳಗಿನ ತಿಂಡಿ ಮರೆತರೂ ತಾರುಣ್ಯದ ಸಂಗತಿಗಳು ಬಹುಕಾಲ ಉಳಿಯಬಹುದು. ಕೈಗೆ ರೂಢಿಯಾದ ಕೆಲಸಕ್ಕೆ ಮಿದುಳಿನಲ್ಲಿ ಬೇರೆಯೇ ನೆಲೆಗಳುಂಟು. ಅದು ಇನ್ನೂ ತಡವಾಗಿ ಮಾಸುವುದು.

ವಸ್ತುಸಂಗ್ರಹಾಲಯದ ಉಪಯೋಗ ಇಲ್ಲಿಯೇ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2006ರಿಂದ ರೋಗಿಗಳನ್ನೂ ಅವರ ಶುಶ್ರೂಷೆಗೆ ನಿಂತವರನ್ನೂ ಜೊತೆಯಾಗಿ ಬರಮಾಡಿಕೊಂಡಿತು. ಲಿವರ್‌ಪೂಲಿನ ಸಂಗ್ರಹಾಲಯಗಳು 2012ರಲ್ಲಿ ‘ನೆನಪುಗಳ ಮನೆ’ ಎಂಬ ಯೋಜನೆಯಿಂದ ಶುಶ್ರೂಷಕರಿಗೇ ತರಬೇತಿ ಕೊಡತೊಡಗಿದವು.

ಈಗ ನಮ್ಮ ಕೃಷ್ಣರಾಜಪುರವನ್ನು ನೋಡೋಣ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಲೇ ಇಲ್ಲಿನ ದೂರವಾಣಿನಗರಕ್ಕೆ ಆ ಹೆಸರು. ಅಲ್ಲಿ ದುಡಿದು ಮುಪ್ಪಾದ ಒಬ್ಬರ ಮುಂದೆ ಡಯಲಿರುವ ಕರಿಯ ಟೆಲಿಫೋನನ್ನಿಟ್ಟು, ‘ಇದು ಯಾವ ವರ್ಷದ್ದು, ಹೇಳಿ ನೋಡೋಣ’ ಎಂದರೆ ಅವರು ತಬ್ಬಿಬ್ಬಾಗುವರು. ಅದು ಪರೀಕ್ಷೆಯಾಯಿತು, ಪರೀಕ್ಷೆಯ ಭಯ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ! ಅದನ್ನೇ ಕೈಗೆ ಕೊಟ್ಟು ಸುಮ್ಮನೆ ಕುಳಿತರೆ, ಬೆರಳು ತಾನಾಗಿ ಡಯಲನ್ನು ತಿರುಗಿಸೀತು, ಮಾತೂ ಹೊರಟೀತು. ಮಾತಿನಲ್ಲಿ ಇಸವಿ ತಪ್ಪಿದರೆ ತಿದ್ದಬೇಕಾಗಿಲ್ಲ. ವಿಮಾನ ಕಟ್ಟಿದ ಕೈಗಳಿಗೆ, 2001ರಲ್ಲಿ ತೆರೆದ ಹೆಚ್.ಎ.ಎಲ್. ಸಂಗ್ರಹಾಲಯವು ದೂರವೇನಲ್ಲ, 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನವನ್ನು ಅಲ್ಲಿ ಕಾಣಬಹುದು.

ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಜನಸಂದಣಿಯಿಲ್ಲದ ಹೊತ್ತು, ಕೂರಲು ಬೆಂಚು, ಮುಟ್ಟಬಹುದಾದ ನಾಲ್ಕು ವಸ್ತು ಸಾಕು. ಬಾಗಿಲಿನ ಕಪ್ಪು ಕಾಲೊರಸನ್ನು ಮಾತ್ರ ತೆಗೆಯಬೇಕು. ಈ ರೋಗಿಗಳ ಕಣ್ಣಿಗೆ ಅದು ಗುಂಡಿಯಂತೆ ತೋರುವುದುಂಟು.

ಇದರಿಂದ ರೋಗ ಗುಣವಾಗದು. ಭೇಟಿಯೇ ಸಂಜೆಗೆ ಮರೆತುಹೋದೀತು. ಆದರೆ ಕಾರಣ ಮರೆತಮೇಲೂ ಸಂತೋಷ ಕೆಲಹೊತ್ತು ಉಳಿಯುವುದೆಂದು ಪ್ರಯೋಗಗಳು ತೋರಿಸಿವೆ. ದಿನವೆಲ್ಲ ಒಂದೇ ಪ್ರಶ್ನೆಗೆ ಉತ್ತರಿಸಿ ದಣಿದ ಹೆಂಡತಿಯೋ ಮಗಳೋ ಅಂದು ತಾವೆಂದೂ ಕೇಳದ ಕಥೆಯೊಂದನ್ನು ಕೇಳಿರುತ್ತಾರೆ.