ರಣಹದ್ದಿಗೊಂದು ಬೆಟ್ಟ ದಕ್ಕಿದ್ದು

ರಾಮನಗರದ ರಾಮದೇವರ ಬೆಟ್ಟ ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವವನು ರಾಮನಲ್ಲ, ಗಬ್ಬರ್ ಸಿಂಗ್. 1975ರಲ್ಲಿ ತೆರೆಕಂಡ ‘ಶೋಲೆ’ಯ ರಾಮಗಡ ಎದ್ದು ನಿಂತಿದ್ದು ಇಲ್ಲಿಯೇ. ಈ ಸೀಮೆ 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು, 2007ರಲ್ಲಿ ಅದರಿಂದ ಬೇರೆಯಾಯಿತು. ಜಿಲ್ಲೆ ಯಾವುದಾದರೇನು, ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯೂ ಇದೇ ಸಾಲಿನದು.

ರಾಮನಗರ, ಮಾಗಡಿ, ಕನಕಪುರದ ಈ ಬೆಟ್ಟಗಾಡಿನ ಮೂಲನಿವಾಸಿಗಳು ಇರುಳಿಗರು. ಜೇನು ಕೀಳುವುದು, ಗೆಡ್ಡೆಗೆಣಸು ಅಗೆಯುವುದು ಅವರ ಕಸುಬಾಗಿತ್ತು. ಕಾಡಿಗೆ ಸರ್ಕಾರದ ಗಡಿಕಲ್ಲು ಬಿದ್ದ ಮೇಲೆ ಬಹುತೇಕರು ಅಂಚಿಗೆ ಸರಿದು ಕೂಲಿಗೆ ಇಳಿದರು.

ಬೆಟ್ಟದ ಕಡಿದಾದ ಗೋಡೆಯಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿ ಪಟ್ಟೆಗಳು ಇಳಿದಿರುತ್ತವೆ. ಅವು ಉದ್ದಕೊಕ್ಕಿನ ರಣಹದ್ದುಗಳ ಹಿಕ್ಕೆ. ಮೇಲಿನ ಚಾಚುಗಲ್ಲೇ ಅವುಗಳ ಗೂಡು. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಇಂಥ ಹಕ್ಕಿಯ ಸಂತತಿ ಒಮ್ಮೆ ಕುಸಿದರೆ ಚೇತರಿಸಿಕೊಳ್ಳುವುದು ಸುಲಭವಲ್ಲ.

ಕುಸಿದದ್ದು 1990ರ ದಶಕದಲ್ಲಿ, ದೇಶದಾದ್ಯಂತ. ಕಾರಣ ಗೊತ್ತಾದದ್ದು 2004ರಲ್ಲಿ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಚುಚ್ಚುಮದ್ದು ಹಾಕಿದ ದನ ಸತ್ತು, ಅದನ್ನು ತಿಂದರೆ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಪಶುಬಳಕೆಗೆ ಅದರ ತಯಾರಿಕೆ ನಿಂತಿತು. ಆದರೂ ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದವು; 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿ.ಲೀ.ಗೆ ಇಳಿಸಬೇಕಾಯಿತು. ಅರಣ್ಯವಾಸಿಗಳ ಹಕ್ಕಿನ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದೂ 2006ರಲ್ಲೇ. ಹದ್ದು, ಇರುಳಿಗ, ಇಬ್ಬರ ಪಾಲಿಗೂ ಕಾನೂನು ತಡವಾಗಿಯೇ ಬಂತು ಅನ್ನಿ.

2012ರ ಜನವರಿಯಲ್ಲಿ ರಾಜ್ಯ ಸರ್ಕಾರ ಬೆಟ್ಟವೂ ಸೇರಿದಂತೆ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ರಣಹದ್ದಿಗೆಂದೇ ಮೀಸಲಾದ ಮೊದಲ ಧಾಮವಿದು. ಕರಡಿಗೂ ಹಳದಿ ಕೊರಳಿನ ಪಿಕಳಾರಕ್ಕೂ ಇದೇ ಆಸರೆ. ಧಾಮವಾದ ಮೇಲೆ ಗಣಿಗಾರಿಕೆಯ ಭಯವೇನೋ ತಪ್ಪಿತು, ಆದರೆ ಹದ್ದಿನ ಹೊಟ್ಟೆ ಬೇಲಿಯೊಳಗೆ ತುಂಬುವುದಿಲ್ಲ. ಅದು ಹತ್ತಾರು ಕಿಲೋಮೀಟರ್ ಹಾರಿ ಹಳ್ಳಿಗಳ ಸತ್ತ ದನ ಹುಡುಕುತ್ತದೆ. ನಮ್ಮಲ್ಲಿ ದನ ಸತ್ತರೆ ಈಗ ಹೂಳುವುದೇ ಹೆಚ್ಚು.

2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೂ ಪಶುಬಳಕೆಯಲ್ಲಿ ನಿಷೇಧ ಬಂತು. ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕಾಂ ಇದೆ. ದೊಡ್ಡಬಳ್ಳಾಪುರದಿಂದ ಕನಕಪುರದವರೆಗೆ ಹಸು ಕಟ್ಟಿರುವವರು ಕೆಚ್ಚಲು ಬಾವಿಗೋ ಜ್ವರಕ್ಕೋ ಚುಚ್ಚುಮದ್ದು ಹಾಕಿಸುವಾಗ, ಯಾವ ಔಷಧ ಎಂದು ಪಶುವೈದ್ಯರನ್ನು ಒಂದು ಮಾತು ಕೇಳಿ.