ಬಸ್‌ ಸ್ಟ್ಯಾಂಡಲ್ಲಿ ಮಲಗೋರಿಗೆ ಬುದ್ಧಿಮಾತು ಸಾಕಾ?

ನಾನು ಬೋರನಕಣಿವೆ ಕಡೆಯವನು. ನಮ್ಮ ಡ್ಯಾಂ ಹತ್ತಿರ, ಹುಳಿಯಾರು ಬಸ್‌ ಸ್ಟ್ಯಾಂಡಲ್ಲಿ, ತಿಪಟೂರು ರೈಲ್ವೆ ಸ್ಟೇಷನ್ನಲ್ಲಿ ಮನೆಮಠ ಇಲ್ಲದೆ ಮಲಗಿರೋರನ್ನ ನೀವೂ ನೋಡಿರ್ತೀರಿ. ಊಟ ಕೊಡೋರಿದ್ದಾರೆ, ಕಂಬಳಿ ಕೊಡೋರಿದ್ದಾರೆ. ಇವತ್ತಿನ ಪ್ರಶ್ನೆ ಏನಂದ್ರೆ, ಮಾತಿನ ಮೂಲಕ ಕೊಡೋ ಮನಸ್ಸಿನ ಚಿಕಿತ್ಸೆ, ಅಂದ್ರೆ ಥೆರಪಿ, ಇವರಿಗೆ ಉಪಯೋಗಕ್ಕೆ ಬರುತ್ತಾ?

ಮನೆ ಇಲ್ಲದವರಿಗೆಲ್ಲ ಮಾನಸಿಕ ಕಾಯಿಲೆ ಇರುತ್ತೆ ಅಂತಲ್ಲ. ಸಾಲ, ಕುಡಿತ, ಮನೆ ಜಗಳ, ಮುಪ್ಪು, ಹೀಗೆ ಕಾರಣಗಳು ಹಲವು. ಆದ್ರೆ ಬೀದಿ ಬದುಕೇ ಮನಸ್ಸನ್ನ ಹಣ್ಣು ಮಾಡುತ್ತೆ. ಯಾರು ಒದೀತಾರೋ, ಯಾರು ಚೀಲ ಕದೀತಾರೋ ಅನ್ನೋ ಭಯಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಂಥವರಿಗೆ ಬೆಳಿಗ್ಗೆ 10ಕ್ಕೆ ಆಸ್ಪತ್ರೆಗೆ ಬನ್ನಿ ಅಂದ್ರೆ ಬರೋದು ಕಷ್ಟ. ಅದಕ್ಕೇ ಚಿಕಿತ್ಸೆ ಕೊಡೋರೇ ಅವರಿದ್ದಲ್ಲಿಗೆ ಹೋಗಬೇಕು. ಮೊದಲ ದಿನ ಬರೀ ಜೊತೆಗೆ ಕೂತು ಟೀ ಕುಡಿದು ಬಂದ್ರೂ ಅದು ಕೆಲಸವೇ.

ನಮ್ಮಲ್ಲಿ ಕೌನ್ಸೆಲಿಂಗ್ ಅಂದ್ರೆ ಬುದ್ಧಿ ಹೇಳೋದು ಅಂದ್ಕೊಂಡಿದ್ದೀವಿ. "ಕುಡಿಯೋದು ಬಿಡಪ್ಪ, ಮನೆಗೆ ಹೋಗು." ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನೋ ವಿಧಾನ ಇದಕ್ಕೆ ಉಲ್ಟಾ. "ಕುಡಿದ್ರೆ ಏನು ಸಮಾಧಾನ ಸಿಗುತ್ತಣ್ಣ? ಅದರಿಂದ ಏನೇನು ಕಳ್ಕೊಂಡ್ರಿ?" ಅಂತ ಕೇಳ್ತಾರೆ. ಯಾಕೆ ಬದಲಾಗಬೇಕು ಅನ್ನೋದು ಅವರ ಬಾಯಿಂದಲೇ ಬರಬೇಕು. ಇದಕ್ಕೆ ಸಮಯ ಹಿಡಿಯುತ್ತೆ. ಅಟ್ಟದ ಮೇಲಿಟ್ಟ ಕಾಯಿ ಒಂದೇ ವಾರಕ್ಕೆ ಕೊಬ್ಬರಿ ಆಗಲ್ಲ ಅಲ್ವಾ?

ಈಗ ನಮ್ಮ ಪಕ್ಕದ ತುರುವೇಕೆರೆ ವಿಷಯ. ಆ ತಾಲ್ಲೂಕಲ್ಲಿ ಸ್ಕಿಜೋಫ್ರೇನಿಯಾ ಇರೋ ಸುಮಾರು 200 ಜನರಿಗೆ ನಿಮ್ಹಾನ್ಸ್ ತಂಡ ಚಿಕಿತ್ಸೆ ಕೊಡ್ತು. ಬರೀ ಮಾತ್ರೆಯಲ್ಲ. ಇದು ಸೋಮಾರಿತನ ಅಲ್ಲ, ಕಾಯಿಲೆ ಅಂತ ತಿಳಿಸಿ ಹೇಳೋದು, ಬಿಡದೆ ವಿಚಾರಿಸ್ತಾ ಇರೋದು ಕೂಡ ಇತ್ತು. ಇದು ಸರಾಸರಿ 4 ವರ್ಷ ನಡೀತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದಿನನಿತ್ಯದ ಬದುಕು ನಡೆಸೋಕೆ ಅವರಿಗಿದ್ದ ತೊಡಕು ಕಡಿಮೆಯಾಯ್ತು. ಇವರು ಬೀದಿಯವರಲ್ಲ, ಊರಲ್ಲೇ ಇದ್ದವರು. ನನಗೆ ಮುಖ್ಯ ಅನ್ಸೋದೇ ಇದು. ಕಾಯಿಲೆ ಇರೋರು ಮನೆ ಬಿಟ್ಟು ಹೋಗೋ ಮೊದಲೇ ಅವರಿಗೂ ಮನೆಯವರಿಗೂ ಇಂಥ ಆಸರೆ ಸಿಕ್ಕಿದ್ರೆ, ಎಷ್ಟೋ ಜನ ರೈಲು ಹತ್ತೋದೇ ತಪ್ಪುತ್ತೆ.

ಹಾಗಾದ್ರೆ ಈಗಾಗಲೇ ಬೀದಿಯಲ್ಲಿರೋರು? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100ನೇ ಸೆಕ್ಷನ್ ನೆನಪಿಟ್ಕೊಳ್ಳಿ. ಕಾಯಿಲೆಯಿಂದ ತಮ್ಮನ್ನ ತಾವು ನೋಡ್ಕೊಳ್ಳೋಕಾಗದೆ ಅಲೆಯೋರಿಗೆ ರಕ್ಷಣೆ ಕೊಟ್ಟು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಪೊಲೀಸರ ಕರ್ತವ್ಯ. ಲಾಕಪ್ಪಲ್ಲಿ ಇಡೋ ಹಾಗಿಲ್ಲ. ಮನೆಯವರನ್ನ ಹುಡುಕೋ ಜವಾಬ್ದಾರಿಯೂ ಠಾಣೆಯದ್ದೇ.

ಥೆರಪಿ ಸೂರಿನ ಬದಲಿಗೆ ಅಲ್ಲ. ಮಲಗೋಕೆ ಜಾಗ, ಊಟ, ಔಷಧಿ ಇವುಗಳ ಜೊತೆಗೇ ಅದೂ ಬೇಕು.

ಅಂಥವರು ಕಂಡ್ರೆ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಬೇಡಿ. 112ಕ್ಕೆ ಫೋನ್ ಮಾಡಿ. ಏನು ಮಾಡಬೇಕು ಅಂತ ಗೊತ್ತಾಗದಿದ್ರೆ, ಅಥವಾ ನಿಮ್ಮ ಮನೆಯಲ್ಲೇ ಯಾರಿಗಾದ್ರೂ ಬೇಕಿದ್ರೆ, ಟೆಲಿ ಮಾನಸ್ ನಂಬರ್ 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಈಗಲೇ ಸೇವ್ ಮಾಡ್ಕೊಳ್ಳಿ. ಮತ್ತೆ ಸಿಗೋಣ.